‘ಶಿರಸಿಗೆ’ ಅಂದರೆ ಶಿರಸಿಯೇ ಎಂದು ಕಂಪ್ಯೂಟರಿಗೆ ಹೇಳುವುದು ಹೇಗೆ?

ಶಿರಸಿ ಕಡೆಯ ಒಂದು ಅಡಿಕೆ ಸಹಕಾರಿ ಸಂಘದವರು ತಮ್ಮ ಹಳೆಯ ಸುತ್ತೋಲೆಗಳನ್ನೆಲ್ಲ ಟೈಪ್ ಮಾಡಿಸಿ ಕಂಪ್ಯೂಟರಿಗೆ ಹಾಕಿದ್ದರು. ಅದರೊಳಗೆ ಹುಡುಕುವುದಕ್ಕೆ ಒಂದು ವ್ಯವಸ್ಥೆ ಮಾಡಿಕೊಡಿ ಎಂದು ನನ್ನನ್ನು ಕೇಳಿದರು. ಮಾಡಿಕೊಟ್ಟೆ. ಮೊದಲ ದಿನ ಗುಮಾಸ್ತರು ‘ಚಾಲಿ’ ಎಂದು ಹುಡುಕಿದರು. ಚಾಲಿ ಎಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ. ಸಿಕ್ಕಿದ್ದು ನಾಲ್ಕೇ ಸುತ್ತೋಲೆ. “ಎಂತ ಮಾರಾಯ್ರೆ, ವಾರ ವಾರ ಚಾಲಿ ದರ ಹಾಕಿದ್ದೇವಲ್ಲ?” ಎಂದರು. ನಿಜ, ಸುತ್ತೋಲೆಗಳ ತುಂಬ ಚಾಲಿಯೇ ಇತ್ತು. ಆದರೆ ‘ಚಾಲಿಗೆ’, ‘ಚಾಲಿಯ’, ‘ಚಾಲಿಯನ್ನು’ ಎಂದು ಇತ್ತು. ಕಂಪ್ಯೂಟರಿಗೆ ಅವೆಲ್ಲ ಬೇರೆ ಬೇರೆ ಪದ.

ಪದದ ಬಾಲ ತೆಗೆದು ಬುಡ ಉಳಿಸುವ ಕೆಲಸಕ್ಕೆ ಸ್ಟೆಮ್ಮಿಂಗ್ ಎನ್ನುತ್ತಾರೆ. ಅದನ್ನು ಮಾಡುವ ಸಣ್ಣ ಸಾಫ್ಟ್‌ವೇರ್ ಲೈಬ್ರರಿಯೇ ಸ್ಟೆಮ್ಮರ್. ‘ಆ ಅಕ್ಷರಗಳು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಹುಡುಕಿದರೆ ಸಾಕಲ್ವಾ, ಇದೆಲ್ಲ ಯಾಕೆ’ ಎಂದು ಸುಮಾರು ಜನ ಕೇಳುತ್ತಾರೆ. ಸಾಲದು. ‘ಮರ’ ಎಂದು ಹುಡುಕಿದರೆ ಮರಳು, ಮರಣ, ಅಮರ ಎಲ್ಲ ಬಂದು ಬೀಳುತ್ತವೆ. ‘ಊರು’ ಎಂದು ಹುಡುಕಿದರೆ ‘ಊರಿಗೆ’ ಸಿಗುವುದೇ ಇಲ್ಲ, ಏಕೆಂದರೆ ಅದರಲ್ಲಿ ‘ರು’ ಇಲ್ಲ, ‘ರಿ’ ಇದೆ.

ಪ್ರಕೃತಿ (ಬುಡ) ಮತ್ತು ಪ್ರತ್ಯಯ (ಬಾಲ) ಬೇರೆ ಮಾಡಿ ನೋಡುವುದು ನಮಗೆ ಹೊಸದೇನಲ್ಲ. 13ನೇ ಶತಮಾನದ ವೈಯಾಕರಣ ಕೇಶಿರಾಜನಿಂದ ಹಿಡಿದು ನಮ್ಮ ಹೈಸ್ಕೂಲಿನ ವಿಭಕ್ತಿ ಪಟ್ಟಿಯವರೆಗೆ ಅದೇ ದಾರಿ. ಕಂಪ್ಯೂಟರಿನಲ್ಲಿ ಇದು ಶುರುವಾದದ್ದು ಇಂಗ್ಲಿಷಿಗಾಗಿ. 1968ರಲ್ಲಿ ಜೂಲಿ ಬೆತ್ ಲವಿನ್ಸ್ ಪ್ರಕಟಿಸಿದ ಮೊದಲ ಸ್ಟೆಮ್ಮರ್‌ನಲ್ಲಿ 294 ಬಾಲಗಳ ಪಟ್ಟಿ ಇತ್ತು. 1980ರಲ್ಲಿ ಮಾರ್ಟಿನ್ ಪೋರ್ಟರ್ ಅದಕ್ಕಿಂತ ಚಿಕ್ಕದಾದ, ಐದು ಹಂತದ ಒಂದು ವಿಧಾನ ಕೊಟ್ಟರು. ಅದು ಎಷ್ಟು ಹಬ್ಬಿತೆಂದರೆ ಸಿಕ್ಕ ಸಿಕ್ಕವರೆಲ್ಲ ತಮಗೆ ಬೇಕಾದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಂಡರು, ಅದರಲ್ಲಿ ಎಷ್ಟೋ ತಪ್ಪು ತಪ್ಪಾಗಿದ್ದವು. ಕೊನೆಗೆ ಪೋರ್ಟರ್ ತಾವೇ ಒಂದು ಅಧಿಕೃತ ಕೋಡ್ ಹೊರಗೆ ಬಿಡಬೇಕಾಯಿತು. 2001ರ ಹೊತ್ತಿಗೆ ಸ್ಟೆಮ್ಮರ್ ಬರೆಯುವುದಕ್ಕೆಂದೇ ಸ್ನೋಬಾಲ್ ಎಂಬ ಪುಟ್ಟ ಭಾಷೆಯನ್ನೂ ಮಾಡಿದರು. ನಿಯಮಗಳನ್ನು ಒಮ್ಮೆ ಅದರಲ್ಲಿ ಬರೆದರೆ ಸಿ, ಜಾವಾ ಮುಂತಾದ ಭಾಷೆಗಳಿಗೆ ಕೋಡ್ ತಾನಾಗಿಯೇ ತಯಾರಾಗುತ್ತದೆ. ಇವತ್ತು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಳಗೆ ಕೂತಿರುವುದೂ ಇದೇ ಸ್ನೋಬಾಲ್. ಅದರಲ್ಲಿ ಹಿಂದಿ ಇದೆ, ನೇಪಾಳಿ ಇದೆ, ತಮಿಳು ಇದೆ. ನಾನು ಸಂಘದ ಕೆಲಸಕ್ಕೆ ಬಳಸಿದ ಆವೃತ್ತಿಯಲ್ಲಿ ಕನ್ನಡ ಇರಲಿಲ್ಲ.

ಕನ್ನಡ ಯಾಕೆ ಹಿಂದೆ ಉಳಿಯಿತು ಎನ್ನುವುದಕ್ಕೆ ಒಂದೇ ಕಾರಣ ಇಲ್ಲ. ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿಯಾದ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಆಮೇಲೆ ಎಷ್ಟೋ ವರ್ಷ ನಾವು ಟೈಪ್ ಮಾಡಿದ್ದು ಫಾಂಟ್ ಲೆಕ್ಕದಲ್ಲಿ. ಆ ಕಾಲದ ಫೈಲುಗಳಲ್ಲಿ ಕನ್ನಡ ಕಾಣುತ್ತದೆ, ಒಳಗೆ ಕನ್ನಡ ಇರುವುದಿಲ್ಲ, ಅಕ್ಷರದ ತುಂಡುಗಳಿರುತ್ತವೆ. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಥ ಪಠ್ಯವನ್ನು ಮೊದಲು ಯುನಿಕೋಡಿಗೆ ತರಬೇಕು, ಆಮೇಲೆ ಸ್ಟೆಮ್ಮಿಂಗ್ ಮಾತು. ಸಂಘದ ಹಳೆಯ ಫೈಲುಗಳಲ್ಲಿ ಅರ್ಧಕ್ಕರ್ಧ ಹೀಗೇ ಇದ್ದವು. ಅವನ್ನು ಸರಿಮಾಡಲು ಹಿಡಿದ ಸಮಯ ಉಳಿದೆಲ್ಲ ಕೆಲಸಕ್ಕಿಂತ ಜಾಸ್ತಿ.

ಯುನಿಕೋಡ್ ಬಂದ ಮೇಲೂ ಹೊಂಡಗಳಿವೆ. ಪ್ರೋಗ್ರಾಮ್ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ವಾಕ್ಯವನ್ನು ಪದಗಳಾಗಿ ಒಡೆಯಲು ಎಲ್ಲರೂ ಬಳಸುವ ಒಂದು ಸುಲಭದ ಗುರುತು ಇದೆ. ಅದು ಗುಣಿತದ ಚಿಹ್ನೆಗಳನ್ನು ಅಕ್ಷರ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಶಿರಸಿ’ ಎಂದು ಕೊಟ್ಟರೆ ‘ಶ’ ಮತ್ತು ‘ರಸ’ ಎಂಬ ಎರಡು ಪದ ವಾಪಸ್ ಬರುತ್ತವೆ. ‘ಕಾರವಾರ’ ಕೊಟ್ಟರೆ ‘ಕ’, ‘ರವ’, ‘ರ’. ಊರಿನ ಹೆಸರೇ ಚೂರಾದ ಮೇಲೆ ಸ್ಟೆಮ್ಮರ್ ಎಷ್ಟು ಒಳ್ಳೆಯದಿದ್ದರೇನು?

ಕನ್ನಡಕ್ಕೆ ಸ್ಟೆಮ್ಮರ್ ಕಟ್ಟಲು ಹೊರಟವರೆಲ್ಲ ಮೊದಲು ಮಾಡುವುದು ಒಂದೇ ಕೆಲಸ: ವಿಭಕ್ತಿ ಪ್ರತ್ಯಯಗಳ ಪಟ್ಟಿ ಬರೆದು, ಉದ್ದದ್ದನ್ನು ಮೊದಲು ಕತ್ತರಿಸುತ್ತ ಬರುವುದು. ಹಿಂದಿಗೆ 2003ರಲ್ಲಿ ಬಂದ ಹಗುರ ಸ್ಟೆಮ್ಮರ್ ಸುಮಾರು ಇದೇ ಥರದ್ದು, ಅಲ್ಲಿ ಅದು ಕೆಲಸಕ್ಕೆ ಬಂತು. ನಾನೂ ಹಾಗೇ ಶುರು ಮಾಡಿದೆ. ‘ತೋಟಕ್ಕೆ’, ‘ತೋಟದಲ್ಲಿ’, ‘ತೋಟವನ್ನು’, ‘ತೋಟಗಳಿಂದ’ ಎಲ್ಲ ಚಂದಕ್ಕೆ ‘ತೋಟ’ ಆದವು. ಖುಷಿಯಾಯಿತು. ಸುತ್ತೋಲೆಗಳ ಮೇಲೆಲ್ಲ ಓಡಿಸಿದೆ. ‘ಗಳು’ ಬಹುವಚನ ಎಂದುಕೊಂಡು ‘ತಿಂಗಳು’ ಹೋಗಿ ‘ತಿಂ’ ಆಯಿತು. ‘ಇಂದ’ ತೃತೀಯಾ ಎಂದುಕೊಂಡು ‘ಗೋವಿಂದ’ ಹೋಗಿ ‘ಗೋವ’ ಆದ. ‘ಇಗೆ’ ಚತುರ್ಥಿ ಅಲ್ವಾ, ಭಟ್ಕಳ ಮಲ್ಲಿಗೆಯ ‘ಮಲ್ಲಿಗೆ’ಯೂ ‘ಮಲ್ಲ’ ಆಗಿ ಕೂತಿತ್ತು.

ಇವನ್ನು ಅಪವಾದ ಎಂದು ಬೇರೆ ಪಟ್ಟಿ ಮಾಡಿ ದಾಟಬಹುದು. ದಾಟಲಾಗದ್ದು ಇನ್ನೊಂದು ಇದೆ. ‘ಕಾಲಿಗೆ’ ಎಂಬಲ್ಲಿ ‘ಇಗೆ’ ತೆಗೆದರೆ ಯುನಿಕೋಡ್ ಲೆಕ್ಕದಲ್ಲಿ ಉಳಿಯುವುದು ‘ಕಾಲ’, ಗುಣಿತದ ಚಿಹ್ನೆ ಹೋದ ‘ಲಿ’ ಅಲ್ಲಿ ‘ಲ’ ಆಗಿಬಿಡುತ್ತದೆ. ‘ಕಾಲಕ್ಕೆ’ ಎಂಬಲ್ಲಿ ‘ಕ್ಕೆ’ ತೆಗೆದರೂ ‘ಕಾಲ’. ನಡೆಯುವ ಕಾಲು, ಮಳೆಗಾಲದ ಕಾಲ ಎರಡೂ ಒಂದೇ ಆದವು. ಸರಿ, ‘ಇಗೆ’ ತೆಗೆದ ಕಡೆ ಒಂದು ‘ಉ’ ಸೇರಿಸೋಣ ಎಂದು ನಿಯಮ ಹಾಕಿದೆ. ಕಾಲಿಗೆ ಕಾಲು ಬಂತು, ಊರಿಗೆ ಊರು ಬಂತು, ಹಲಸಿಗೆ ಹಲಸು ಬಂತು. ಶಿರಸಿಗೆ ಮಾತ್ರ ‘ಶಿರಸು’ ಬಂತು! ‘ಶಿರಸಿಯಲ್ಲಿ’ ಎಂದಿದ್ದ ಕಡೆ ‘ಶಿರಸಿ’ ಸರಿಯಾಗಿಯೇ ಇತ್ತು. ಹೀಗೆ ಒಂದೇ ಊರು ಎರಡಾಯಿತು. ‘ಚಾಲಿಗೆ’ ಹೋಗಿ ‘ಚಾಲು’ ಆಯಿತು, ಪಂಪ್‌ಸೆಟ್ ಚಾಲು ಮಾಡುವ ಸುತ್ತೋಲೆಯ ಜೊತೆ ಅಡಿಕೆ ದರ ಬಂದು ಕೂತಿತು.

‘ಹಲಸಿಗೆ’, ‘ಶಿರಸಿಗೆ’ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕೊನೆಯ ಅಕ್ಷರಗಳು ಒಂದೇ. ಒಂದರ ಬುಡ ‘ಉ’ಕಾರ, ಇನ್ನೊಂದರದು ‘ಇ’ಕಾರ. ಬಾಲ ನೋಡಿ ಇದನ್ನು ಹೇಳುವ ನಿಯಮ ಯಾವುದೂ ಇಲ್ಲ. ನಮಗೆ ಗೊತ್ತಾಗುವುದು ನಮಗೆ ಹಲಸು ಗೊತ್ತು, ಶಿರಸಿ ಗೊತ್ತು ಎಂಬ ಕಾರಣಕ್ಕೆ. ಅಂದರೆ ಕಂಪ್ಯೂಟರಿಗೂ ಪದಗಳ ಪಟ್ಟಿ ಕೊಡಲೇಬೇಕು.

ಕೊನೆಯ ಸ್ವರವನ್ನೇ ತೆಗೆದುಬಿಟ್ಟು ಬರೀ ವ್ಯಂಜನ ಇಟ್ಟುಕೊಂಡರಾಯಿತು ಎಂಬ ಸಲಹೆಯೂ ಇದೆ. ಪೋರ್ಟರ್ ಕಾಲದಿಂದಲೂ ಸ್ಟೆಮ್ ಎಂದರೆ ನಿಜವಾದ ಪದವೇ ಆಗಿರಬೇಕೆಂದಿಲ್ಲ, ಒಂದೇ ಬುಡದವು ಒಂದೇ ಕಡೆ ಸೇರಿದರೆ ಸಾಕು. ಆದರೆ ನಮ್ಮ ಕಡೆ ಅದನ್ನು ಮಾಡಿ ನೋಡಿ. ‘ಬೆಟ್ಟೆ’ ಎಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆಯ ಒಂದು ಜಾತಿ. ‘ಬೆಟ್ಟ’ ಎಂದರೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಇವೆರಡನ್ನೂ ಒಂದು ಮಾಡುವ ಹುಡುಕಾಟವನ್ನು ಯಾವ ಅಡಿಕೆ ಬೆಳೆಗಾರನೂ ಎರಡನೇ ಸಲ ಮುಟ್ಟುವುದಿಲ್ಲ.

ಇಷ್ಟು ದೂರ ಬಂದವರು ಬಹಳ ಜನ ಇದ್ದಾರೆ. ಕಾಲೇಜು ಪ್ರಾಜೆಕ್ಟುಗಳಲ್ಲಿ, ಸಂಶೋಧನೆಯ ಬರಹಗಳಲ್ಲಿ ಕನ್ನಡ ಸ್ಟೆಮ್ಮರ್ ಎಂದು ಓದಲು ಸಿಗುತ್ತದೆ. ಆದರೆ ಕೋಡ್, ಪದಪಟ್ಟಿ, ಪರೀಕ್ಷೆಗೆ ಬಳಸಿದ ಪದಗಳು ಹೆಚ್ಚಿನ ಸಲ ವರದಿಯ ಜೊತೆಗೇ ಮುಗಿದುಹೋಗುತ್ತವೆ. ಮುಂದಿನವರು ಮತ್ತೆ ‘ತಿಂಗಳು’ವಿನಲ್ಲೇ ಮುಗ್ಗರಿಸುತ್ತಾರೆ. ಈ ಇಡೀ ಕತೆಯಲ್ಲಿ ನನಗೆ ಬೇಸರ ಆಗುವ ಜಾಗ ಇದೊಂದೇ. ಅದಕ್ಕೇ 2019ರಲ್ಲಿ ವಿ. ಕೃಷ್ಣ ಅವರ ಅಲರ್ ಕನ್ನಡ-ಇಂಗ್ಲಿಷ್ ನಿಘಂಟು ಮುಕ್ತ ಪರವಾನಗಿಯಲ್ಲಿ ಬಂದದ್ದು ದೊಡ್ಡ ಸಂಗತಿ. ಒಂದೂವರೆ ಲಕ್ಷ ಪದಗಳು, ಯಾರು ಬೇಕಾದರೂ ಬಳಸಬಹುದು. ಬಾಲ ಕತ್ತರಿಸಿ, ‘ಹಲಸು’ ಮತ್ತು ‘ಹಲಸಿ’ ಎರಡನ್ನೂ ಕಟ್ಟಿ, ಯಾವುದು ನಿಘಂಟಿನಲ್ಲಿದೆ ಎಂದು ನೋಡುವುದು ಆಗ ಸಾಧ್ಯವಾಯಿತು.

ಕ್ರಿಯಾಪದಗಳು ಬೇರೆಯೇ ಲೋಕ. ಬರು–ಬಂದ, ಬೀಳು–ಬಿದ್ದ, ಕೀಳು–ಕಿತ್ತ. ಇವನ್ನು ಕತ್ತರಿಸಿ ಪ್ರಯೋಜನವಿಲ್ಲ, ಜೋಡಿ ಮಾಡಿ ಬರೆದಿಡುವುದೇ ದಾರಿ. ಆಡುಮಾತಿನ ‘ಮನೇಲಿ’, ‘ಶಿರಸೀಲಿ’ಗಳನ್ನು ನಾನಿನ್ನೂ ಮುಟ್ಟಿಲ್ಲ. ಕರಾವಳಿಗೆ ಇಳಿದರೆ ಕುಮಟಾ–ಕುಮಟೆ, ಅಂಕೋಲಾ–ಅಂಕೋಲೆ ಎಂದು ಊರಿಗೆರಡು ಹೆಸರು. ‘ಕುಮಟಾಕ್ಕೆ’, ‘ಕುಮಟೆಗೆ’ ಎರಡೂ ಒಂದೇ ಕಡೆ ಸೇರಬೇಕಾದರೆ ಅದನ್ನೂ ಕೈಯಾರೆ ಬರೆಯಬೇಕು.

ಮನುಷ್ಯರು ನಿಯಮ ಬರೆಯದೆ, ರಾಶಿ ಪಠ್ಯ ನೋಡಿ ಯಂತ್ರವೇ ಪದ ಒಡೆಯುವ ದಾರಿಗಳೂ ಬಂದಿವೆ. ಫಿನ್‌ಲೆಂಡಿನಿಂದ 2002ರಲ್ಲಿ ಬಂದ ಮಾರ್ಫೆಸರ್ ಅಂಥದ್ದು. ಈಗಿನ ಎಐ ಭಾಷಾ ಮಾದರಿಗಳೂ ಪದಗಳನ್ನು ತುಂಡು ಮಾಡಿಕೊಂಡೇ ಓದುತ್ತವೆ. ಆದರೆ ಹಳೆಯ ಒಂದು ಕಂಪ್ಯೂಟರಿನಲ್ಲಿ, ಇಂಟರ್‌ನೆಟ್ ಬಂದಾಗ ಬಂತು ಎನ್ನುವ ಊರಿನಲ್ಲಿ, ಸುತ್ತೋಲೆ ಹುಡುಕುವುದಕ್ಕೆ ಸಣ್ಣ ಸ್ಟೆಮ್ಮರ್ ಸಾಕು.

ಬಳಸುವವರು ಒಂದು ವಿಷಯ ನೆನಪಿಡಬೇಕು. ಇಂಡೆಕ್ಸ್, ಅಂದರೆ ಯಾವ ಪದ ಯಾವ ಸುತ್ತೋಲೆಯಲ್ಲಿದೆ ಎಂಬ ಪಟ್ಟಿ, ಕಟ್ಟುವಾಗ ಯಾವ ಸ್ಟೆಮ್ಮರ್ ಇತ್ತೋ ಹುಡುಕುವಾಗಲೂ ಅದೇ ಇರಬೇಕು. ನಾನು ಒಮ್ಮೆ ಒಂದೇ ಒಂದು ನಿಯಮ ತಿದ್ದಿ ಸುಮ್ನೆ ಬಿಟ್ಟಿದ್ದೆ. ಹಳೆಯ ಇಂಡೆಕ್ಸಿನಲ್ಲಿ ‘ಶಿರಸು’ ಇತ್ತು, ಹುಡುಕುವ ಕಡೆ ‘ಶಿರಸಿ’ ಆಗಿತ್ತು. ಎರಡು ದಿನ ಸಂಘದವರಿಗೆ ಅರ್ಧಕ್ಕರ್ಧ ಸುತ್ತೋಲೆ ಸಿಗಲಿಲ್ಲ. ನಿಯಮ ತಿದ್ದಿದರೆ ಇಂಡೆಕ್ಸನ್ನು ಪೂರ್ತಿ ಮತ್ತೆ ಕಟ್ಟಲೇಬೇಕು.

ಪದಪಟ್ಟಿಗೆ ಊರುಗಳ ಹೆಸರು ಸೇರಿಸುವ ಕೆಲಸ ಗುಮಾಸ್ತರೇ ವಹಿಸಿಕೊಂಡರು. ಶಿರಸಿ, ಬನವಾಸಿ, ಗೋಕರ್ಣ ಎಲ್ಲ ಬಂದವು. ಒಂದು ದಿನ ಪರೀಕ್ಷೆಯಲ್ಲಿ ‘ಹಲಸಿಗೆ’ ಕೆಟ್ಟಿತು. ನೋಡಿದರೆ ಪಟ್ಟಿಯಲ್ಲಿ ‘ಹಲಸಿ’ ಬಂದು ಕೂತಿದೆ, ಬೆಳಗಾವಿ ಜಿಲ್ಲೆಯ ಊರು, ಬನವಾಸಿಯ ಕದಂಬರಿಗೆ ಎರಡನೇ ರಾಜಧಾನಿಯಾಗಿದ್ದದ್ದು. ಈಗ ಎರಡೂ ನಿಜವಾದ ಪದಗಳೇ. ಒಂದನ್ನು ಆರಿಸುವುದು ಬಿಟ್ಟು, ಎರಡು ಬುಡಗಳನ್ನೂ ಇಂಡೆಕ್ಸಿನಲ್ಲಿ ಒಂದೇ ಜಾಗದಲ್ಲಿ ಇಟ್ಟೆವು. ‘ಹಲಸಿಗೆ’ ಎಂದು ಹುಡುಕಿದವರಿಗೆ ಈಗ ಹಲಸಿನ ಹಪ್ಪಳದ ತರಬೇತಿಯ ಸುತ್ತೋಲೆಯೂ ಬರುತ್ತದೆ, ಸದಸ್ಯರ ಹಲಸಿ ಪ್ರವಾಸದ ಸುತ್ತೋಲೆಯೂ ಬರುತ್ತದೆ.