ಆಪರೇಷನ್ನಿನ ಲೆಕ್ಕ, ಹರಕೆಯ ತೊಟ್ಟಿಲು

ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನ ಗುಡಿಯಿದೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಕಟ್ಟಿದ ಪುಟ್ಟ ತೊಟ್ಟಿಲುಗಳು ಅಲ್ಲಿ ಒಂದಕ್ಕೊಂದು ತಾಗಿಕೊಂಡು ತೂಗುತ್ತವೆ. ಮಂಡ್ಯ ಕಡೆಯವರಿಗೆ ಚಿರಪರಿಚಿತ ಜಾಗ. ಊರಿನ ಅಂಗನವಾಡಿಯಲ್ಲಿ ಮಕ್ಕಳು ಕಡಿಮೆಯಾದರೂ ಅರಳಿಕಟ್ಟೆಯಲ್ಲಿ ಅದೇ ಮಾತು: 'ಈಗಿನೋರ್ಗೆ ಮಕ್ಳೇ ಆಗಲ್ಲ ಕಣಪ್ಪ.' ಲೆಕ್ಕ ಮಾತ್ರ ಬೇರೆಯದನ್ನೇ ಹೇಳುತ್ತದೆ.

ಹೆರಿಗೆ ಕಡಿಮೆಯಾಗಲಿ ಎಂದು ಸರ್ಕಾರವೇ ಹೊರಟದ್ದು ನಮ್ಮಲ್ಲೇ. ನಾಲ್ವಡಿಯವರ ಕಾಲದಲ್ಲಿ, 1930ರಲ್ಲಿ, ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಜಗತ್ತಿನಲ್ಲಿ ಒಂದು ಸರ್ಕಾರ ಹೀಗೆ ಮಾಡಿದ್ದು ಅದೇ ಮೊದಲು ಎನ್ನುತ್ತಾರೆ. ದೆಹಲಿ ಕುಟುಂಬ ಯೋಜನೆ ಕೈಗೆತ್ತಿಕೊಂಡದ್ದು 1952ರಲ್ಲಿ. ಬರಬರುತ್ತಾ ಎರಡು ಹೆರಿಗೆ, ಮತ್ತೆ ಮಕ್ಕಳಾಗದಂತೆ ಒಂದು 'ಆಪರೇಷನ್' ಎಂಬುದು ಹಳ್ಳಿಮನೆಯ ರೂಢಿಯಾಯಿತು. 1992–93ರ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣಿಗೆ ಸರಾಸರಿ 2.9 ಮಕ್ಕಳು, 2019–21ರಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ಹೆರುವ ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ಆಗಿದೆ. ಗಂಡಸರದು ಲೆಕ್ಕಕ್ಕೇ ಇಲ್ಲ.

ಅಂದರೆ ಈ ಇಳಿತದಲ್ಲಿ ದೊಡ್ಡ ಪಾಲು 'ಸಾಕು' ಎಂದವರದು, 'ಆಗಲಿಲ್ಲ' ಎಂದವರದಲ್ಲ. ಮದುವೆಯೇ ಆಗದವರೂ ಇದ್ದಾರೆ. 2023ರ ಫೆಬ್ರುವರಿಯಲ್ಲಿ ಮಂಡ್ಯದ ರೈತ ಹುಡುಗರು ಹೆಣ್ಣು ಸಿಗಲೆಂದು ಮಾದಪ್ಪನ ಬೆಟ್ಟಕ್ಕೆ ನಡೆದದ್ದನ್ನು ಓದಿ ನಕ್ಕವರೇ ಹೆಚ್ಚು. ಅದೇ ವರ್ಷದ ಕೊನೆಗೆ, ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಎರಡೂ ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದವರು ಕಡಿಮೆ.

ಹಾಗೆಂದು ಬಂಜೆತನ ಕಟ್ಟುಕತೆಯಲ್ಲ. ವರ್ಷವಿಡೀ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ವೈದ್ಯರು ಹಾಗೆನ್ನುತ್ತಾರೆ. ಜೀವಮಾನದಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಅದರ ಅನುಭವವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಓದು, ಕೆಲಸ, ಸೈಟಿನ ಸಾಲ ಮುಗಿಯಲಿ ಎಂದು ಮುಂದೂಡಿದವರಿಗೆ ವಯಸ್ಸು ಕಾಯುವುದಿಲ್ಲ. 35 ದಾಟಿದ ಮೇಲೆ ಅಂಡಾಣುಗಳ ಸಂಖ್ಯೆ, ಗುಣ ಎರಡೂ ಬೇಗ ಕುಸಿಯುತ್ತವೆ. ಒಂದು ಮಗುವಾಗಿ, ಎರಡನೆಯದಕ್ಕೆ ಪರದಾಡುವವರೂ ಉಂಟು.

ಹೆಚ್ಚುಕಡಿಮೆ ಅರ್ಧದಷ್ಟು ಜೋಡಿಗಳಲ್ಲಿ ಗಂಡಿನ ಕಡೆಯೂ ತೊಂದರೆ ಇರುತ್ತದೆ. ಆದರೂ 'ಬಂಜೆ' ಎಂಬುದು ಹೆಣ್ಣಿಗೇ ಮೀಸಲಾದ ಬೈಗುಳ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಬಿಡುವ ಇಕ್ಸಿ ವಿಧಾನ 1992ರಲ್ಲೇ ಫಲ ಕೊಟ್ಟಿದೆ, ದಾರಿಯಿಲ್ಲವೆಂದಲ್ಲ. ಆದರೆ ಹೆಂಡತಿಯ ಕೈಯಲ್ಲಿ ಸ್ಕ್ಯಾನು, ಗರ್ಭನಾಳದ ಟೆಸ್ಟುಗಳ ಮೂರು ವರ್ಷದ ಫೈಲು; ಗಂಡನಿಂದ ಬೇಕಿರುವುದು ಪುಟ್ಟ ಡಬ್ಬಿಯಲ್ಲೊಂದು ಸ್ಯಾಂಪಲ್. ಡಾಕ್ಟರು ಅದನ್ನು ಕೇಳಿದ ದಿನವೇ ಅವನಿಗೆ ಕಬ್ಬು ಕಡಿಸುವ ಕೆಲಸ ಬಂದಿರುತ್ತದೆ.