ತಾಮ್ರವೋ ಗಿಲೀಟೋ: ಚಿಲ್ಲರೆ ಡಬ್ಬದಿಂದ ಪೆನ್ನಿ ಹೆಕ್ಕುವ ಬಗೆ

1982ನೇ ಇಸವಿಯ ಎರಡು ಅಮೆರಿಕನ್ ಪೆನ್ನಿ ಕೈಗೆ ಸಿಕ್ಕರೆ ಒಂದೊಂದಾಗಿ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಒಂದು ಗೇಣು ಎತ್ತರದಿಂದ ಬಿಡಿ. ಒಂದು ಗೆಜ್ಜೆಯ ಹಾಗೆ ‘ಟಿಣ್’ ಎಂದು ನಾದ ಎಳೆಯುತ್ತದೆ. ಇನ್ನೊಂದು ಅಂಗಿಯ ಗುಂಡಿ ಬಿದ್ದಂತೆ ‘ಟಕ್’ ಎಂದು ಸುಮ್ಮನಾಗಬಹುದು. ಎರಡರ ಮೇಲೂ ಅದೇ ಲಿಂಕನ್, ಅದೇ ಇಸವಿ, ಅದೇ ಕಂದು ಬಣ್ಣ. ಆದರೆ ಮೊದಲನೆಯದು ಒಳಗೂ ಹೊರಗೂ ತಾಮ್ರ; ಎರಡನೆಯದು ತಾಮ್ರದ ಗಿಲೀಟು ಹಾಕಿದ ಸತುವಿನ ಬಿಲ್ಲೆ. ಡಬ್ಬದಲ್ಲಿ ಬಿದ್ದಿರುವ ಚಿಲ್ಲರೆಯಲ್ಲಿ ಯಾವುದನ್ನು ಎತ್ತಿಡಬೇಕು, ಯಾವುದನ್ನು ಅಂಗಡಿಗೆ ಕೊಟ್ಟುಬಿಡಬೇಕು ಎಂಬ ವಿಂಗಡಣೆಯ ಮೊದಲ ಗೆರೆ ಇದೇ.

2025ರ ನವೆಂಬರ್ 12ರಂದು ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಚಲಾವಣೆಗೆಂದು ಕೊನೆಯ ಪೆನ್ನಿ ಅಚ್ಚಾಯಿತು. 2024ರ ಹಣಕಾಸು ವರ್ಷದಲ್ಲಿ ಒಂದು ಸೆಂಟಿನ ಈ ನಾಣ್ಯ ತಯಾರಿಸಲು 3.69 ಸೆಂಟ್ ತಗಲುತ್ತಿತ್ತು. ಅಚ್ಚು ನಿಂತ ಸುದ್ದಿ ಬಂದದ್ದೇ ತಡ, ಅಲ್ಲಿನ ಕನ್ನಡಿಗರ ಮನೆಗಳೂ ಸೇರಿದಂತೆ ಎಲ್ಲೆಡೆ ಹಳೆ ಡಬ್ಬಗಳು ಹೊರಬಂದವು. ಹೊಸದು ಬರುವುದಿಲ್ಲವೆಂದ ಮೇಲೆ ಇದ್ದದ್ದಕ್ಕೆಲ್ಲ ಬೆಲೆ ಏರೀತು ಎಂಬ ಆಸೆ ಸಹಜವೇ. ಆದರೆ ಸರ್ಕಾರದ ಅಂದಾಜಿನಲ್ಲೇ ಸುಮಾರು 30,000 ಕೋಟಿ ಪೆನ್ನಿಗಳು ಜನರ ಬಳಿ ಇವೆ, ಅವು ಇಂದಿಗೂ ಕಾನೂನುಬದ್ಧ ಹಣ. ಇಷ್ಟೊಂದು ಇರುವ ವಸ್ತು ಬರೀ ‘ನಿಂತುಹೋಯಿತು’ ಎಂಬ ಕಾರಣಕ್ಕೆ ಅಪರೂಪವಾಗುವುದಿಲ್ಲ. ಲೋಹವಾಗಲಿ ಅಚ್ಚಾಗಲಿ ಬೇರೆಯಾಗಿರಬೇಕು.

ಲೋಹವನ್ನೇ ಮೊದಲು ನೋಡೋಣ. 1981 ಮತ್ತು ಅದಕ್ಕೂ ಹಿಂದಿನ ಲಿಂಕನ್ ಪೆನ್ನಿಗಳಲ್ಲಿ (1943ರದ್ದನ್ನು ಬಿಟ್ಟು) ಶೇ. 95ರಷ್ಟು ತಾಮ್ರ, ಉಳಿದದ್ದು ಸತು, ಕೆಲವು ಕಾಲದವುಗಳಲ್ಲಿ ಅದರ ಜೊತೆ ಒಂದಿಷ್ಟು ತವರ. ತೂಕ 3.11 ಗ್ರಾಂ. 1983ರಿಂದ ಈಚಿನವು ಶೇ. 97.5 ಸತು, ತಾಮ್ರವೆಂದರೆ ಮೈಮೇಲಿನ ಸುಮಾರು 8 ಮೈಕ್ರಾನ್ ದಪ್ಪದ ಪದರ, ನಮ್ಮ ತಲೆಗೂದಲಿನ ಹತ್ತನೇ ಒಂದು ಪಾಲಿನಷ್ಟು. ತೂಕ 2.5 ಗ್ರಾಂ. ಅಗಲ ಎರಡಕ್ಕೂ 19.05 ಮಿಲಿಮೀಟರ್, ಆದ್ದರಿಂದ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ತಾಮ್ರದ ಸಾಂದ್ರತೆ ಹೆಚ್ಚು, ಸತುವಿನದು ಕಡಿಮೆ. ತೂಕದ ವ್ಯತ್ಯಾಸವೆಲ್ಲ ಅಲ್ಲಿಂದಲೇ ಬಂದದ್ದು.

ಇಸವಿ ನೋಡಿದರೆ ಬಹುಪಾಲು ಕೆಲಸ ಮುಗಿಯಿತು, ತಕ್ಕಡಿ ಬೇಕಾಗುವುದು 1982ಕ್ಕೆ ಮಾತ್ರ. ಆ ವರ್ಷದ ನಡುವೆ ಲೋಹ ಬದಲಾಯಿತು, ಅಂಕಿಗಳ ಅಚ್ಚೂ ಬದಲಾಯಿತು. ದೊಡ್ಡ ಅಂಕಿ, ಸಣ್ಣ ಅಂಕಿ, ತಾಮ್ರ, ಸತು, ಫಿಲಡೆಲ್ಫಿಯಾ, ಡೆನ್ವರ್. ಗುಣಿಸಿದರೆ ಎಂಟು ಬಗೆ ಆಗಬೇಕಿತ್ತು, ಟಂಕಸಾಲೆ ಬೇಕೆಂದೇ ತಯಾರಿಸಿದ್ದು ಏಳು. ಎಂಟನೆಯದು, ಅಂದರೆ ಡೆನ್ವರ್‌ನ ಸಣ್ಣ ಅಂಕಿಯ ತಾಮ್ರದ್ದು, ಇರಲಾರದೆಂದೇ ಎಲ್ಲರೂ ನಂಬಿದ್ದರು. 2016ರಲ್ಲಿ ಒಂದು ಬೆಳಕಿಗೆ ಬಂತು. ಸತುವಿನ ಬಿಲ್ಲೆಗಳ ನಡುವೆ ಹಳೆಯ ತಾಮ್ರದ ಬಿಲ್ಲೆ ಉಳಿದು, ಹೊಸ ಅಚ್ಚಿಗೆ ಸಿಕ್ಕಿರಬೇಕು. ಹಾಗಾಗಿ ಇಸವಿಯ ಕೆಳಗೆ ‘ಡಿ’ ಇರುವ 1982ರ ಪೆನ್ನಿಯನ್ನು ತೂಗದೆ ಬಿಡಬೇಡಿ. ಸಣ್ಣ ಅಂಕಿಯ ಗುರುತು: 8ರ ಮೇಲಿನ ಸೊನ್ನೆ ಕೆಳಗಿನದಕ್ಕಿಂತ ಕಿರಿದು. ದೊಡ್ಡ ಅಂಕಿಯಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ತೂಗುವುದರಲ್ಲಿ ಎಡವುವವರು ಬಹಳ. ಹಿಟ್ಟು ಸಕ್ಕರೆ ತೂಗುವ ಅಡುಗೆಮನೆಯ ಯಂತ್ರ ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಅದರ ಮೇಲೆ 3.11 ಗ್ರಾಮೂ ‘3’, 2.5 ಗ್ರಾಮೂ ಒಮ್ಮೊಮ್ಮೆ ‘3’. ಚಿನ್ನ ತೂಗುವಂಥ, 0.01 ಗ್ರಾಂ ತೋರಿಸುವ ಪುಟ್ಟ ಯಂತ್ರ ಒಳ್ಳೆಯದು. ಇಲ್ಲವೆಂದರೆ ಶಾಲೆಯ ಸ್ಕೇಲು ಮತ್ತು ಪೆನ್ಸಿಲ್ ಸಾಕು. ಆರು ಮೂಲೆಯ ಪೆನ್ಸಿಲನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿ, ಅದರ ಮೇಲೆ 30 ಸೆಂ.ಮೀ. ಸ್ಕೇಲನ್ನು 15ರ ಗೆರೆಗೆ ಸರಿಯಾಗಿ ಕೂರಿಸಿ. 1ರ ಗೆರೆಯ ಮೇಲೆ 1970ರ ದಶಕದ ಒಂದು ಪೆನ್ನಿ, 29ರ ಗೆರೆಯ ಮೇಲೆ ಅನುಮಾನದ ಪೆನ್ನಿ ಇಡಿ. ಅದು ಸತುವಿನದಾದರೆ ಸ್ಕೇಲು ಹಳೆಯದರ ಕಡೆಗೆ ಧಡಕ್ಕನೆ ವಾಲುತ್ತದೆ. ಐದನೇ ಒಂದು ಭಾಗ ತೂಕದ ವ್ಯತ್ಯಾಸ ಮುಚ್ಚಿಡಲು ಆಗುವಂಥದ್ದಲ್ಲ. ಬೀಳಿಸಿ ಸದ್ದು ಕೇಳುವ ಪರೀಕ್ಷೆ ಸವೆದ ನಾಣ್ಯಗಳಿಗೆ ಮಾತ್ರ ಇರಲಿ. ಹೊಳಪುಳ್ಳದ್ದರ ಅಂಚಿಗೆ ಪೆಟ್ಟಾದರೆ ಅಲ್ಲಿಗೆ ಅದರ ಬೆಲೆ ಹೋಯಿತು.

ಬ್ಯಾಂಕಿನಿಂದ ಸುರುಳಿಗಳನ್ನೇ ತಂದು ಹುಡುಕುವವರಿಗೆ ಇನ್ನೊಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಂದು ಸುರುಳಿಗೆ 50 ಪೆನ್ನಿ. ಎಲ್ಲವೂ ಸತುವಾದರೆ 125 ಗ್ರಾಂ, ಎಲ್ಲವೂ ತಾಮ್ರವಾದರೆ 155.5 ಗ್ರಾಂ. ಕಾಗದದ ತೂಕ ಕಳೆದು, ಉಳಿದದ್ದರಿಂದ 125 ಕಳೆದು, ಬಂದದ್ದನ್ನು 0.61ರಿಂದ ಭಾಗಿಸಿದರೆ ಒಳಗೆ ತಾಮ್ರದವು ಸುಮಾರು ಎಷ್ಟಿವೆಯೆಂದು ಬಿಚ್ಚದೆಯೇ ತಿಳಿಯುತ್ತದೆ. 136 ಗ್ರಾಂ ಬಂದರೆ 18.

ಸರಿ, ತಾಮ್ರದ ಪೆನ್ನಿ ಗುಡ್ಡೆ ಹಾಕಿದರೆ ಲಾಭವೇ? ಒಂದರಲ್ಲಿ 2.95 ಗ್ರಾಂ ತಾಮ್ರ. ಪೌಂಡಿಗೆ 4 ಡಾಲರ್ ದರ ಹಿಡಿದರೆ ಸುಮಾರು 2.6 ಸೆಂಟ್. ಕಾಗದದ ಮೇಲೆ ಹಣ ಎರಡೂವರೆ ಪಟ್ಟು! ಆದರೆ 2006ರ ಡಿಸೆಂಬರ್‌ನಲ್ಲಿ ಬಂದ ನಿಯಮದ ಪ್ರಕಾರ ಲಾಭಕ್ಕಾಗಿ ಪೆನ್ನಿ ಕರಗಿಸಿದರೆ 5 ವರ್ಷದವರೆಗೆ ಜೈಲು, 10,000 ಡಾಲರ್‌ವರೆಗೆ ದಂಡ. ಕರಗಿಸಲಾಗದ ತಾಮ್ರಕ್ಕೆ ತಾಮ್ರದ ಬೆಲೆಯನ್ನು ಯಾರೂ ಪೂರ್ತಿ ಕೊಡುವುದಿಲ್ಲ. 100 ಡಾಲರ್ ಮುಖಬೆಲೆಯ ಗುಡ್ಡೆಯೆಂದರೆ 10,000 ನಾಣ್ಯ, 31 ಕಿಲೊ. ಮನೆ ಬದಲಿಸುವಾಗ ಹೊರುವವರು ಶಾಪ ಹಾಕುತ್ತಾರೆ. ಒಂದು ಡಬ್ಬ ತುಂಬ ಇಟ್ಟುಕೊಳ್ಳಿ ಬೇಕಾದರೆ. ಅದಕ್ಕಿಂತ ಹೆಚ್ಚಿನದು ವ್ಯಾಪಾರವೂ ಅಲ್ಲ, ಹವ್ಯಾಸವೂ ಅಲ್ಲ.

ನಿಜಕ್ಕೂ ಎತ್ತಿಡಬೇಕಾದವು ಬೇರೆ. ಹಿಂಬದಿಯಲ್ಲಿ ಎರಡು ಗೋಧಿ ತೆನೆಗಳಿದ್ದರೆ ಅದು 1909ರಿಂದ 1958ರೊಳಗಿನದು, ಯೋಚಿಸದೆ ಇಟ್ಟುಕೊಳ್ಳಿ. ಹೆಚ್ಚಿನವಕ್ಕೆ ಕೆಲವೇ ಸೆಂಟ್ ಬೆಲೆ, ಆದರೂ ಚಿಲ್ಲರೆಯಲ್ಲಿ ಅವು ಸಿಗುವುದೇ ಅಪರೂಪ. 1909ರ ‘ಎಸ್’, 1914ರ ‘ಡಿ’, 1931ರ ‘ಎಸ್’ ಸಿಕ್ಕರೆ ಅದೃಷ್ಟ. ಈ ಅಕ್ಷರಗಳು ಟಂಕಸಾಲೆಯ ಗುರುತು: ‘ಡಿ’ ಡೆನ್ವರ್, ‘ಎಸ್’ ಸ್ಯಾನ್ ಫ್ರಾನ್ಸಿಸ್ಕೊ, ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಫಿಲಡೆಲ್ಫಿಯಾ. ನಮ್ಮ ರೂಪಾಯಿಯಲ್ಲಿ ಇಸವಿಯ ಕೆಳಗಿನ ನಕ್ಷತ್ರ ಹೈದರಾಬಾದಿನದು, ವಜ್ರದಾಕೃತಿ ಮುಂಬಯಿಯದು, ಚುಕ್ಕೆ ನೊಯ್ಡಾದ್ದು, ಕೋಲ್ಕತ್ತಕ್ಕೆ ಗುರುತೇ ಇಲ್ಲ, ಅದೇ ಪದ್ಧತಿ. 1975ರಿಂದ ಈಚಿನ ‘ಎಸ್’ ಪೆನ್ನಿ ಸಂಗ್ರಾಹಕರ ಪೆಟ್ಟಿಗೆಗೆಂದು ತಯಾರಾದದ್ದು, ಯಾರೋ ಒಡೆದು ಖರ್ಚು ಮಾಡಿರುತ್ತಾರೆ, ಎತ್ತಿಡಿ. ಫಿಲಡೆಲ್ಫಿಯಾ ತನ್ನ ‘ಪಿ’ ಗುರುತನ್ನು ಪೆನ್ನಿಯ ಮೇಲೆ ಹಾಕಿದ್ದು 2017ರಲ್ಲಿ ಮಾತ್ರ, ಟಂಕಸಾಲೆಗೆ 225 ವರ್ಷವಾದ ನೆಪದಲ್ಲಿ. ಮಕ್ಕಳಿಗೆ ತೋರಿಸಲಿಕ್ಕೆ ಚೆನ್ನಾಗಿರುತ್ತದೆ.

1914ರ ‘ಡಿ’ ಸಿಕ್ಕಿತೆಂದು ಕುಣಿಯುವ ಮುನ್ನ ಲಿಂಕನ್‌ನ ಭುಜದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್‌ನ ಮೊದಲಕ್ಷರಗಳು ವಿ.ಡಿ.ಬಿ. 1909ರಲ್ಲಿ ಕೆಲವೇ ದಿನ ಹಿಂಬದಿಯಲ್ಲಿದ್ದು, ಗಲಾಟೆಯಾಗಿ ತೆಗೆದುಹಾಕಲ್ಪಟ್ಟವು. ಭುಜದ ಮೇಲೆ ಮರಳಿ ಬಂದದ್ದು 1918ರಲ್ಲಿ. ಆದ್ದರಿಂದ ಅಸಲಿ 1914ರ ನಾಣ್ಯದಲ್ಲಿ ಅವು ಇರಲು ಸಾಧ್ಯವಿಲ್ಲ. ಕಂಡರೆ, ಅದು 1944ರ ಪೆನ್ನಿ, ಮೊದಲ 4ನ್ನು ಯಾರೋ ಕೆರೆದು 1 ಮಾಡಿದ್ದಾರೆ.

1943ರದು ಇನ್ನೊಂದು ಬಲೆ. ಮಹಾಯುದ್ಧಕ್ಕೆ ತಾಮ್ರ ಬೇಕಾಗಿ ಆ ವರ್ಷ ಸತು ಬಳಿದ ಉಕ್ಕಿನಲ್ಲಿ ಪೆನ್ನಿ ಹೊಡೆದರು. ಬೂದು ಬಣ್ಣ, ಸುಮಾರು 2.7 ಗ್ರಾಂ, ಅಯಸ್ಕಾಂತಕ್ಕೆ ಅಂಟುತ್ತದೆ. ಸತು ಬಳಿದ ಹಾಳೆಯಿಂದ ಬಿಲ್ಲೆ ಕತ್ತರಿಸಿದ್ದರಿಂದ ಅಂಚಿನಲ್ಲಿ ಉಕ್ಕು ಬೆತ್ತಲೆ. ತುಕ್ಕು ಹಿಡಿಯುವುದು ಅಲ್ಲಿಂದಲೇ. ಹಿಂದಿನ ವರ್ಷದ ಕೆಲವೇ ಕೆಲವು ತಾಮ್ರದ ಬಿಲ್ಲೆಗಳು ತಪ್ಪಿ ಅಚ್ಚಾಗಿ ಲಕ್ಷಾಂತರ ಡಾಲರ್ ತಂದದ್ದೇ ತಡ, ನಕಲಿಗಳು ಹುಟ್ಟಿಕೊಂಡವು. ತಾಮ್ರದ ಬಣ್ಣದ 1943 ಸಿಕ್ಕರೆ ಅಯಸ್ಕಾಂತ ಹಿಡಿಯಿರಿ. ಅಂಟಿತೋ, ಉಕ್ಕಿನ ಮೇಲೆ ತಾಮ್ರದ ಗಿಲೀಟು. ಅಂಟಲಿಲ್ಲವೋ, 3ನ್ನು ದಿಟ್ಟಿಸಿ. 1948ರ 8ನ್ನು ಅರ್ಧ ಕೆರೆದು 3 ಮಾಡಿದವರಿದ್ದಾರೆ.

ಅಚ್ಚಿನ ತಪ್ಪುಗಳ ವಿಷಯಕ್ಕೆ ಬಂದರೆ ಆಸೆ ಹೆಚ್ಚು, ಮೋಸ ಹೋಗುವುದೂ ಹೆಚ್ಚು. ಚಿತ್ರ ಉಬ್ಬಿದ ಗಟ್ಟಿ ಉಕ್ಕಿನ ಮಾದರಿಯನ್ನು ಮೆತ್ತಗಿನ ಉಕ್ಕಿನೊಳಗೆ ಒತ್ತಿದರೆ ಅಚ್ಚು ತಯಾರಾಗುತ್ತದೆ. ಹಿಂದೆಲ್ಲ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕಿತ್ತು. ಎರಡನೇ ಸಲ ಕೂದಲೆಳೆಯಷ್ಟು ತಿರುಗಿ ಕೂತರೂ ಅಚ್ಚಿನಲ್ಲೇ ಅಕ್ಷರಗಳು ಜೋಡಿಯಾಗುತ್ತವೆ, ಅದರಿಂದ ಹೊಡೆದ ಪ್ರತಿಯೊಂದು ನಾಣ್ಯದಲ್ಲೂ ಅದೇ ಜೋಡಿ. 1955ರಲ್ಲಿ ಫಿಲಡೆಲ್ಫಿಯಾದಿಂದ ಇಂಥ 20,000ಕ್ಕೂ ಹೆಚ್ಚು ಪೆನ್ನಿ ಹೊರಬಿದ್ದವು. ಇಸವಿ, ‘ಲಿಬರ್ಟಿ’ ಎಂಬ ಪದ, ಮೇಲಿನ ‘ಇನ್ ಗಾಡ್ ವಿ ಟ್ರಸ್ಟ್’ ಎಂಬ ಧ್ಯೇಯವಾಕ್ಯ ಎಲ್ಲವೂ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಅದೇ ವರ್ಷದ ಇನ್ನು ಕೆಲವದರಲ್ಲಿ ಕೊನೆಯ 5 ಮಾತ್ರ ಎರಡಾದಂತಿರುತ್ತದೆ. ಅದು ಸವೆದ ಅಚ್ಚಿನ ಕೆಲಸ, ಬೆಲೆಯಿಲ್ಲ.

ಚಿಲ್ಲರೆಯಲ್ಲಿ ಸಿಗುವ ಸಾಧ್ಯತೆ ಹೆಚ್ಚಿರುವುದು 1995ರದು: ‘ಲಿಬರ್ಟಿ’ ಪದ ಮತ್ತು ಧ್ಯೇಯವಾಕ್ಯದ ಮೊದಲೆರಡು ಪದಗಳಲ್ಲಿ ಜೋಡಿ ಗೆರೆ. 1983ರಲ್ಲಿ ಹಿಂಬದಿಯ ಬರಹ ಪೂರ್ತಿ ಎರಡಾದದ್ದುಂಟು, 1984ರಲ್ಲಿ ಲಿಂಕನ್‌ನ ಕಿವಿಯ ಕೆಳಗೆ ಇನ್ನೊಂದು ಹಾಲೆ. 1969ರ ‘ಎಸ್’, 1972 ಇವೂ ಹೆಸರಾದವೇ.

ಹುಸಿ ಜೋಡಿ ನೂರು ಸಿಕ್ಕರೆ ಅಸಲಿ ಒಂದೂ ಸಿಗಲಿಕ್ಕಿಲ್ಲ. ಅಚ್ಚು ಸಡಿಲವಾಗಿದ್ದು, ಹೊಡೆದು ಮೇಲೇಳುವಾಗ ಜಾರಿದರೆ ಅಕ್ಷರದ ಅಂಚು ಜಜ್ಜಿ ಮೆಟ್ಟಿಲಿನಂತೆ ಚಪ್ಪಟೆಯಾಗುತ್ತದೆ. ಅಕ್ಷರ ದಪ್ಪಗಾಗುವ ಬದಲು ತೆಳ್ಳಗಾಗುತ್ತದೆ. ಅಸಲಿಯಲ್ಲಿ ಅಕ್ಷರ ದಪ್ಪ, ಎರಡೂ ದುಂಡಗೆ ಉಬ್ಬಿರುತ್ತವೆ, ಮೂಲೆಯಲ್ಲಿ ಸಣ್ಣ ಸೀಳು ಕಾಣುತ್ತದೆ. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಒಂದೇ ಕಡೆಯಿಂದ ಓರೆಯಾಗಿ ಬೀಳುವ ದೀಪ, ಇಷ್ಟಿದ್ದರೆ ಗೊತ್ತಾಗುತ್ತದೆ. ಇನ್ನೊಂದು ಖಚಿತ ಸುಳಿವು ‘ಡಿ’, ‘ಎಸ್’ಗಳಲ್ಲಿದೆ. 1980ರ ದಶಕದ ಕೊನೆಯವರೆಗೂ ಆ ಅಕ್ಷರವನ್ನು ಅಚ್ಚು ತಯಾರಾದ ಮೇಲೆ ಕೈಯಲ್ಲಿ ಬೇರೆಯಾಗಿ ಹೊಡೆಯುತ್ತಿದ್ದರು. ಹಾಗಾಗಿ 1969ರ ಪೆನ್ನಿಯಲ್ಲಿ ಇಸವಿಯ ಜೊತೆ ‘ಎಸ್’ ಕೂಡ ಅದೇ ದಿಕ್ಕಿಗೆ ಎರಡಾಗಿದ್ದರೆ ಅದು ಜಾರಿದ ಗುರುತೇ, ಖರ್ಚು ಮಾಡಿ.

1998, 1999, 2000ದ ಪೆನ್ನಿಗಳ ಹಿಂಬದಿಯಲ್ಲಿ ‘ಅಮೆರಿಕ’ ಪದದ ಮೊದಲೆರಡು ಅಕ್ಷರಗಳ ಪಾದ ಹೆಚ್ಚುಕಡಿಮೆ ತಾಗಿಕೊಂಡಿರಬೇಕು. ನಡುವೆ ಸ್ಪಷ್ಟ ಸಂದು ಕಂಡರೆ, ಸಂಗ್ರಾಹಕರಿಗೆಂದು ಮಾಡಿದ ವಿಶೇಷ ನಾಣ್ಯಗಳ ಅಚ್ಚು ತಪ್ಪಿ ಇಲ್ಲಿ ಬಳಕೆಯಾಗಿದೆ ಎಂದರ್ಥ. 1992ರಲ್ಲಿ ಇದು ತಿರುಗುಮುರುಗು: ಸಂದು ಇರುವುದು ಮಾಮೂಲು, ತಾಗಿರುವುದು ಬಲು ಅಪರೂಪ.

ಬೆಳ್ಳಿ ಬಣ್ಣದ, ಚಿನ್ನದ ಬಣ್ಣದ ಪೆನ್ನಿ ಕಂಡು ಹಿಗ್ಗುವವರಿಗೊಂದು ಮಾತು. ಹೈಸ್ಕೂಲಿನ ರಸಾಯನಶಾಸ್ತ್ರ ತರಗತಿಯಲ್ಲಿ ತಾಮ್ರದ ಪೆನ್ನಿಗೆ ಸತು ಲೇಪಿಸಿ ‘ಬೆಳ್ಳಿ’, ಅದನ್ನೇ ಕಾಯಿಸಿ ‘ಚಿನ್ನ’ ಮಾಡುವ ಪ್ರಯೋಗ ಅಲ್ಲಿ ಬಹಳ ಹಳೆಯದು. ಕಾಯಿಸಿದಾಗ ಸತು ತಾಮ್ರದೊಳಗೆ ಬೆರೆತು ಮೈಮೇಲೆ ಹಿತ್ತಾಳೆಯಾಗುತ್ತದೆ, ಅಷ್ಟೆ.

ಸಿಕ್ಕದ್ದನ್ನು ಕೆಡಿಸುವ ಸುಲಭ ದಾರಿ ನಮ್ಮವರಿಗೆ ಚೆನ್ನಾಗಿ ಗೊತ್ತು: ಹುಣಸೆಹಣ್ಣು. ತಾಮ್ರದ ಚೊಂಬಿಗೆ ಅದು ಸರಿ, ನಾಣ್ಯಕ್ಕೆ ಬೇಡವೇ ಬೇಡ. ಹುಳಿ ಮೇಲಿನ ಕಂದು ಪದರವನ್ನು ಕರಗಿಸಿ ಗುಲಾಬಿ ಛಾಯೆಯ ಹಸಿ ತಾಮ್ರವನ್ನು ಬಯಲು ಮಾಡುತ್ತದೆ. ಉಜ್ಜಿದ ಗೀರು ಭೂತಗನ್ನಡಿಯಲ್ಲಿ ಎದ್ದು ಕಾಣುತ್ತದೆ, ಕೊಳ್ಳುವವರು ಹಿಂದಿರುಗಿಸುತ್ತಾರೆ. ಅಂಚು ಹಿಡಿದೇ ಎತ್ತಿ, ಬೆರಳಿನ ಬೆವರೂ ಗುರುತು ಕೂರಿಸುತ್ತದೆ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿದೆ, ಹತ್ತಿರ ಇಟ್ಟರೆ ತಾಮ್ರ ಕಪ್ಪಾಗುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲ ಕಾಲ ಕಳೆದಂತೆ ಹಸಿರು ಅಂಟು ಬಿಡುತ್ತದೆ, ಕಿಲುಬಿನಂತೆಯೇ ಕಾಣುತ್ತದೆ. ಅದಕ್ಕೆ ಶುದ್ಧ ಅಸಿಟೋನಿನಲ್ಲಿ, ಗಾಜಿನ ಬಟ್ಟಲಲ್ಲಿ ಕೆಲವು ನಿಮಿಷ ಮುಳುಗಿಸಿ ಉಜ್ಜದೆ ಒಣಗಿಸಬೇಕು. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಬೇರೆ ಎಣ್ಣೆ, ಬಣ್ಣಗಳಿರುತ್ತವೆ, ಅದು ಬೇಡ.

ಸತುವಿನವುಗಳಲ್ಲಿ ಗಿಲೀಟು ಒಂದು ಕಡೆ ಗೀರಿ ತೇವ ಸೇರಿದರೆ ಸತು ತಾಮ್ರಕ್ಕಿಂತ ಮೊದಲು ಕರಗುತ್ತದೆ. ಮೇಲೆ ಗುಳ್ಳೆ, ಆಮೇಲೆ ಬಿಳಿ ಪುಡಿ, ಕೊನೆಗೆ ತೂತು. ಅಂಥವನ್ನು ಆರಿಸಿ ಹೊರಹಾಕಿ. ಇವನ್ನು ಮಗು ನುಂಗಿದರೂ ಜಠರದ ಆಮ್ಲದಲ್ಲಿ ಹೀಗೇ ಆಗುತ್ತದೆ, ಹಾಗಾಗಿ ತಾನಾಗಿ ಹೋದೀತೆಂದು ಕಾಯದೆ ವೈದ್ಯರಿಗೆ ತೋರಿಸಬೇಕು.

ಊರಿಗೆ ಬರುವಾಗ ಪೆನ್ನಿ ಡಬ್ಬವನ್ನೂ ಸೂಟ್‌ಕೇಸಿಗೆ ತುರುಕುವವರು ಒಂದು ಮಿತಿ ನೆನಪಿಡಬೇಕು. ಕರಗಿಸುವುದನ್ನು ತಡೆದ ಅದೇ ನಿಯಮ ಪೆನ್ನಿ ಮತ್ತು 5 ಸೆಂಟಿನ ನಾಣ್ಯಗಳನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೂ ಅನ್ವಯಿಸುತ್ತದೆ: ಪ್ರಯಾಣಿಕರು ಒಯ್ಯಬಹುದಾದ್ದು ಒಟ್ಟು 5 ಡಾಲರ್ ಮುಖಬೆಲೆಯಷ್ಟು, ಸಂಗ್ರಹಕ್ಕೆಂಬುದು ಸ್ಪಷ್ಟವಿದ್ದರೆ 25 ಡಾಲರ್‌ವರೆಗೆ. ಬರೀ ತಾಮ್ರದ ಪೆನ್ನಿಯಲ್ಲೇ 25 ಡಾಲರ್ ತುಂಬಿಸಿದರೆ ಸಾಮಾನಿನ ತೂಕದಲ್ಲಿ 7.8 ಕಿಲೊ ಅಲ್ಲೇ ಹೋಯಿತು.