ರಡಾರ್ ಬಿಚ್ಚಿ ನೋಡಿ, ಬ್ರಾಂಚ್ ಆರಿಸಿ

ಸಿಇಟಿ ಆಪ್ಷನ್ ಎಂಟ್ರಿ ಹೊತ್ತಿಗೆ ಡಿಆರ್‌ಡಿಒ (ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ) ಸೇರುವ ಕನಸಿರುವ ಬಹುತೇಕ ಮಕ್ಕಳ ಪ್ರಶ್ನೆ ಒಂದೇ: ಏರೋಸ್ಪೇಸ್ ತೆಗೆದುಕೊಳ್ಳಲೇ? ಅದಕ್ಕೆ ಉತ್ತರಿಸುವ ಮುನ್ನ ಒಂದು ಯಂತ್ರದೊಳಗೆ ಇಣುಕೋಣ.

ಡಿಆರ್‌ಡಿಒದ ರಡಾರ್ ಪ್ರಯೋಗಾಲಯವಾದ ಬೆಂಗಳೂರಿನ ಎಲ್‌ಆರ್‌ಡಿಇ, ತೇಜಸ್ ಯುದ್ಧವಿಮಾನಕ್ಕೆಂದು ರೂಪಿಸಿದ ‘ಉತ್ತಮ್’ ರಡಾರಿನ ಮುಖದಲ್ಲಿ ರೇಡಿಯೊ ಅಲೆ ಕಳಿಸಿ, ಮರಳಿದ್ದನ್ನು ಹಿಡಿಯುವ ನೂರಾರು ಪುಟ್ಟ ಟ್ರಾನ್ಸ್‌ಮಿಟ್-ರಿಸೀವ್ ಮಾಡ್ಯೂಲ್‌ಗಳಿವೆ. ಇವು ಇಸಿಇ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಓದಿದವರ ಕ್ಷೇತ್ರ. ಉಳಿದದ್ದೆಲ್ಲ ಹಾಗೆಯೇ ಇದ್ದು ರಡಾರಿನ ದೃಷ್ಟಿ ದೂರ ಎರಡು ಪಟ್ಟಾಗಬೇಕಾದರೆ ಶಕ್ತಿ 16 ಪಟ್ಟು ಬೇಕು. ಕೊಟ್ಟ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಶಾಖವಾಗುತ್ತದೆ. ಆ ಶಾಖವನ್ನು ವಿಮಾನದ ಮೂತಿಯ ಇಕ್ಕಟ್ಟಿನಿಂದ ದ್ರವ ಹರಿಸಿ ಹೊರತೆಗೆಯುವವರು, ಕಂಪನಕ್ಕೆ ಬೆಸುಗೆ ಬಿರುಕು ಬಿಡದಂತೆ ಚೌಕಟ್ಟು ಕಟ್ಟುವವರು ಮೆಕ್ಯಾನಿಕಲ್‌ನವರು. ಮರಳಿದ ಕ್ಷೀಣ ಪ್ರತಿಧ್ವನಿಯನ್ನು ನೆಲದ ಗದ್ದಲದಿಂದ ಬೇರ್ಪಡಿಸಲು ಸಿಗ್ನಲ್ ಪ್ರೊಸೆಸಿಂಗ್ ಬೇಕು. ಅಲ್ಲಿ ಇಸಿಇ, ಕಂಪ್ಯೂಟರ್ ಸೈನ್ಸ್ ಇಬ್ಬರಿಗೂ ಕೆಲಸವಿದೆ. ಆದರೆ ಪೈಥಾನ್ ಒಂದೇ ಸಾಲದು. ಸಿ ಭಾಷೆ, ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ, ಲೀನಿಯರ್ ಆಲ್ಜೀಬ್ರಾ, ಪ್ರೊಬಬಿಲಿಟಿ ಕೈಗೂಡಿರಬೇಕು.

ಎಂಜಿನ್ ಕಡೆ ಒಲವಿದ್ದರೆ ಡಿಆರ್‌ಡಿಒದ ಜೆಟ್ ಎಂಜಿನ್ ಪ್ರಯೋಗಾಲಯ ಜಿಟಿಆರ್‌ಇ ಇದೆ. ಆಧುನಿಕ ಜೆಟ್ ಎಂಜಿನ್ನಿನಲ್ಲಿ ಟರ್ಬೈನ್‌ಗೆ ನುಗ್ಗುವ ಅನಿಲ, ಬ್ಲೇಡಿನ ನಿಕಲ್ ಮಿಶ್ರಲೋಹ ಕರಗುವ ಉಷ್ಣತೆಗಿಂತಲೂ ಬಿಸಿ. ಒಳಗಿನ ತಂಪುಗಾಳಿಯ ಕಾಲುವೆ, ಮೇಲಿನ ಸೆರಾಮಿಕ್ ಲೇಪನ ಬ್ಲೇಡನ್ನು ಉಳಿಸುತ್ತವೆ. ಕೇಳುವವರೇ ಕಡಿಮೆಯಾಗಿರುವ ಮೆಟಲರ್ಜಿಯ (ಲೋಹಶಾಸ್ತ್ರದ) ಮಹತ್ವ ತಿಳಿಯುವುದು ಇಲ್ಲಿ.

ಏರೋಸ್ಪೇಸ್ ಕೆಟ್ಟ ಆಯ್ಕೆಯಲ್ಲ. ಏರೋಡೈನಮಿಕ್ಸ್, ಫ್ಲೈಟ್ ಕಂಟ್ರೋಲ್ ನಿಜಕ್ಕೂ ಹಿಡಿಸಿದ್ದರೆ ಅದನ್ನೇ ಓದಿ. ಆದರೆ ಡಿಆರ್‌ಡಿಒದ ‘ಸೈಂಟಿಸ್ಟ್ ಬಿ’ (ವಿಜ್ಞಾನಿಯಾಗಿ ಸೇರುವ ಆರಂಭಿಕ ಹುದ್ದೆ) ನೇಮಕಾತಿ ಅಧಿಸೂಚನೆಗಳಲ್ಲಿ ಹೆಚ್ಚು ಹುದ್ದೆ ಇಸಿಇ, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್‌ಗೇ ಮೀಸಲು. ಮೆಕ್ಯಾನಿಕಲ್ ಬಿಇ ಮುಗಿಸಿ ಏರೋಸ್ಪೇಸ್‌ನಲ್ಲಿ ಎಂಟೆಕ್ ಮಾಡುವ ದಾರಿಯೂ ತೆರೆದೇ ಇರುತ್ತದೆ.

ಹೆಚ್ಚಿನವರು ಎಡವುವುದು ಪದವಿಯ ಹೆಸರಿನಲ್ಲಿ. ‘ಸೈಂಟಿಸ್ಟ್ ಬಿ’ ನೇಮಕಾತಿಗೆ ಪ್ರಥಮ ದರ್ಜೆಯ ಪದವಿ, ಎಂಜಿನಿಯರಿಂಗ್ ಪದವೀಧರರ ರಾಷ್ಟ್ರಮಟ್ಟದ ಪರೀಕ್ಷೆಯಾದ ಗೇಟ್‌ನ ಸಂಬಂಧಿಸಿದ ಪತ್ರಿಕೆಯಲ್ಲಿ ಅಂಕ, ಆಮೇಲೆ ಸಂದರ್ಶನ. ಪ್ರತಿ ಗೇಟ್ ಪತ್ರಿಕೆಗೂ ಯಾವ ಪದವಿಗಳು ಸಮಾನ ಎಂಬ ಪಟ್ಟಿ ಅಧಿಸೂಚನೆಯಲ್ಲೇ ಇರುತ್ತದೆ. ‘ರೋಬೋಟಿಕ್ಸ್ ಅಂಡ್ ಆಟೊಮೇಷನ್’ನಂಥ ಹೊಸ ಹೆಸರು ಅದರಲ್ಲಿಲ್ಲದಿದ್ದರೆ ನಾಲ್ಕು ವರ್ಷ ಚೆನ್ನಾಗಿ ಓದಿಯೂ ಅರ್ಜಿ ಹಂತದಲ್ಲೇ ತೊಡಕು. ಸೀಟು ಒಪ್ಪಿಕೊಳ್ಳುವ ಮೊದಲು ಅಂಕಪಟ್ಟಿಯಲ್ಲಿ ಯಾವ ಹೆಸರು ಮುದ್ರಣವಾಗುತ್ತದೆಂದು ಕಾಲೇಜಿನಲ್ಲಿ ಕೇಳಿ, ಡಿಆರ್‌ಡಿಒ ಮತ್ತು ರಕ್ಷಣಾ ಎಲೆಕ್ಟ್ರಾನಿಕ್ಸ್ ತಯಾರಿಸುವ ಸರ್ಕಾರಿ ಕಂಪನಿ ಬಿಇಎಲ್‌ನ ಇತ್ತೀಚಿನ ಅಧಿಸೂಚನೆಗಳನ್ನು ಇಳಿಸಿಕೊಂಡು ಅಕ್ಷರಶಃ ಹೋಲಿಸಿ.